ಭಾವನವರ ಬಯಲು ಒಲೆ

ಕಾಡಿಗೆ ಹೋಗುವುದೆಂದರೆ ನಮ್ಮ ಹಿರಿಯರ ಲೆಕ್ಕದಲ್ಲಿ ಏನನ್ನಾದರೂ ಬಿಟ್ಟು ಹೋಗುವುದು. ರಾಮ ಪಟ್ಟ ಬಿಟ್ಟು ಹೋದ, ಪಾಂಡವರು ರಾಜ್ಯ ಬಿಟ್ಟು ಹೋದರು, ವಾನಪ್ರಸ್ಥಕ್ಕೆ ಹೊರಟವರು ಮಕ್ಕಳ ಕೈಗೆ ಬೀಗದ ಕೈ ಕೊಟ್ಟು ಹೋದರು. ಏನನ್ನೂ ಬಿಡದೆ ಕಾಡಿಗೆ ಹೋಗುವ ಉಪಾಯ ಕಂಡುಕೊಂಡವರು ಅಮೆರಿಕದವರು. ಮನೆಯನ್ನೇ ಗಾಡಿಯ ಹಿಂದೆ ಸಿಕ್ಕಿಸಿಕೊಂಡು ಹೊರಡುತ್ತಾರೆ. ಅದಕ್ಕೆ ಟ್ರಾವೆಲ್ ಟ್ರೇಲರ್ ಅಂತ ಹೆಸರು. ಇಂಡಿಯಾನಾ ರಾಜ್ಯದಲ್ಲಿ ಎಲ್ಕಾರ್ಟ್ ಎಂಬ ಊರಿದೆ. ಅದರ ಸುತ್ತಮುತ್ತಲ ಕಾರ್ಖಾನೆಗಳಿಗೆ ಇಂಥ ಗಾಲಿಯ ಮನೆ ಕಟ್ಟುವುದೇ ಕಸುಬು. ಒಳಗೆ ಏನುಂಟು ಏನಿಲ್ಲ! ಮಂಚ, ಮೇಜು, ಫ್ರಿಜ್, ಸ್ನಾನದ ಮನೆ, ಕಕ್ಕಸು, ಹೀಟರು, ಮೂರು ಬರ್ನರಿನ ಗ್ಯಾಸ್ ಒಲೆ, ಒಲೆಯ ಕೆಳಗೆ ಓವನ್, ಮೇಲೆ ಹೊಗೆ ಎಳೆಯುವ ಫ್ಯಾನು. ಬೆಂಗಳೂರಿನಲ್ಲಿ ಇಷ್ಟಿದ್ದರೆ ಸಾಕು, ಒನ್ ಬಿಎಚ್‌ಕೆ ಎಂದು ಹತ್ತು ತಿಂಗಳ ಅಡ್ವಾನ್ಸ್ ಕೇಳುತ್ತಾರೆ.

ಸರಿ, ಇಷ್ಟೆಲ್ಲ ಎಳೆದುಕೊಂಡು ಹೋಗಿ ಮರದ ಕೆಳಗೆ ನಿಲ್ಲಿಸಿದ ಮೇಲೆ ಏನು ಮಾಡುತ್ತಾರೆ? ಹೊರಗೆ ಬಂದು ಇನ್ನೊಂದು ಒಲೆ ಹೂಡುತ್ತಾರೆ. ಒಳಗಿನ ಮೂರು ಬರ್ನರ್ ಬಾಯಿ ಬಿಟ್ಟುಕೊಂಡು ಕೂತಿರುತ್ತವೆ. ಅಂಗಳದಲ್ಲಿ ಮಡಿಸುವ ಕಾಲಿನ ಒಂದು ಗ್ರಿಲ್ಲು, ಅದರ ಬಾಲಕ್ಕೆ ಒಂದು ರಬ್ಬರ್ ಪೈಪು, ಪೈಪಿನ ತುದಿ ಹಿಡಿದುಕೊಂಡು ಮಂಡಿಯೂರಿದ ಒಬ್ಬ ಗಂಡಸು. ಯಾವ ಕ್ಯಾಂಪ್‌ಗ್ರೌಂಡಿಗಾದರೂ ಹೋಗಿ ನೋಡಿ, ಸಂಜೆಯ ಹೊತ್ತಿಗೆ ಸಾಲಾಗಿ ಇದೇ ದೃಶ್ಯ.

ಒಳಗೆ ಅಡುಗೆ ಮಾಡದಿರಲು ಕಾರಣ ಇಲ್ಲವೆಂದಲ್ಲ. ಟ್ರೇಲರಿನ ಅಡುಗೆಮನೆಯಿಂದ ಮಲಗುವ ಮಂಚಕ್ಕೆ ನಾಲ್ಕು ಹೆಜ್ಜೆ. ಒಂದು ಇಂಗಿನ ಒಗ್ಗರಣೆ ಹಾಕಿದರೆ ಅದು ದಿಂಬಿನೊಳಗೆ ಹೋಗಿ ಕೂತು, ಮುಂದಿನ ಪ್ರವಾಸದಲ್ಲಿ ನಿಮ್ಮನ್ನು ಸ್ವಾಗತಿಸುತ್ತದೆ. ಬ್ಯಾಡಗಿ ಮೆಣಸಿನಕಾಯಿ ಬಾಣಲೆಗೆ ಬಿದ್ದ ಮರುಕ್ಷಣ ಹೊಗೆಯ ಅಲಾರಂ ಊರಿಗೆಲ್ಲ ಕೇಳುವಂತೆ ಬಾಯಿ ಬಡಿದುಕೊಳ್ಳುತ್ತದೆ. ಬೇಸಿಗೆಯಲ್ಲಿ ಒಳಗೆ ಒಲೆ ಹಚ್ಚಿದರೆ ಗೋಡೆಯೂ ಬೇಯುತ್ತದೆ. ಇವೆಲ್ಲ ಒಪ್ಪತಕ್ಕ ಮಾತುಗಳೇ. ಆದರೆ ನಮ್ಮ ಭಾವನವರನ್ನು ನೋಡಿದ ಮೇಲೆ ನಿಜವಾದ ಕಾರಣ ಬೇರೆ ಎಂದು ನನಗೆ ಖಾತ್ರಿಯಾಗಿದೆ.

ಭಾವ ಇರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ. ಮನೆಯಲ್ಲಿ ಹಾಲು ಉಕ್ಕುತ್ತಿದ್ದರೆ ಎದ್ದು ಒಲೆ ಆರಿಸುವ ಪೈಕಿ ಅಲ್ಲ. “ಏನೇ, ಹಾಲು ಉಕ್ತಾ ಇದೆ” ಎಂದು ಕೂತಲ್ಲಿಂದ ವರದಿ ಒಪ್ಪಿಸುವ ಪೈಕಿ. ಸಾಸಿವೆ ಡಬ್ಬಿ ಎಲ್ಲಿದೆ ಎಂದು ಕೇಳಿದರೆ ಫ್ರಿಜ್ ತೆಗೆದು ನೋಡುತ್ತಾರೆ. ಅದೇ ಮನುಷ್ಯ ಟ್ರೇಲರು ನಿಲ್ಲಿಸಿ, ಗಾಲಿಗೆ ಅಡ್ಡಗಟ್ಟೆ ಕೊಟ್ಟು ಇಳಿದರೆಂದರೆ ಸಾಕ್ಷಾತ್ ನಳಮಹಾರಾಜ. ಅಕ್ಕನನ್ನು ಕುರ್ಚಿಯಲ್ಲಿ ಕೂರಿಸಿ, “ಇವತ್ತು ನಿನಗೆ ರೆಸ್ಟು” ಎಂದು ಘೋಷಿಸುತ್ತಾರೆ. ಆಮೇಲೆ ಈರುಳ್ಳಿ ಎಲ್ಲಿ, ಚಾಕು ಎಲ್ಲಿ, ಉಪ್ಪು ತಂದಿದೀಯಾ, ಎಣ್ಣೆ ಬಾಟಲಿ ಕೊಡು, ಆ ಜೋಳ ಸ್ವಲ್ಪ ಸುಲಿದುಕೊಡು. ರೆಸ್ಟು ತೆಗೆದುಕೊಂಡು ತೆಗೆದುಕೊಂಡು ಅಕ್ಕನಿಗೆ ಸುಸ್ತು.

ಯೊಸೆಮಿಟಿ ಎಂಬ ರಾಷ್ಟ್ರೀಯ ಉದ್ಯಾನಕ್ಕೆ ಹೋಗುವುದೆಂದರೆ ಮೊದಲು ಜಾಗ ಸಿಗಬೇಕು. ಕಣಿವೆಯ ಅಪ್ಪರ್ ಪೈನ್ಸ್ ಕ್ಯಾಂಪ್‌ಗ್ರೌಂಡಿನ ಬುಕಿಂಗು ತಿಂಗಳುಗಟ್ಟಲೆ ಮುಂಚೆ, ಬೆಳಿಗ್ಗೆ 7 ಗಂಟೆಗೆ ತೆರೆಯುತ್ತದೆ, ನಿಮಿಷಗಳಲ್ಲಿ ಮುಗಿಯುತ್ತದೆ. ತತ್ಕಾಲ್ ಟಿಕೆಟ್ಟಿನಲ್ಲಿ ಪಳಗಿದ ಬೆರಳುಗಳಿಗೆ ಅಲ್ಲಿ ಒಳ್ಳೆ ಬೆಲೆ. ಅಲ್ಲಿ ಬೇಸಿಗೆಯಲ್ಲಿ ಕಟ್ಟಿಗೆಯ ಬೆಂಕಿ ಹಚ್ಚಬೇಕಾದರೆ ಸಂಜೆ 5ರಿಂದ ರಾತ್ರಿ 10ರ ಒಳಗೆ ಮಾತ್ರ. ಕಣಿವೆಯಲ್ಲಿ ಹೊಗೆ ನಿಂತುಬಿಡುತ್ತದೆ ಎಂದು ಈ ಕಟ್ಟಳೆ. ಕಾಡ್ಗಿಚ್ಚಿನ ಭಯ ಜಾಸ್ತಿಯಾದ ದಿನಗಳಲ್ಲಂತೂ ಪಶ್ಚಿಮದ ಎಷ್ಟೋ ಕಾಡುಗಳಲ್ಲಿ ಸೌದೆ, ಇದ್ದಿಲು ಎರಡಕ್ಕೂ ನಿಷೇಧ ಬೀಳುತ್ತದೆ. ತಿರುಪು ತಿರುಗಿಸಿದರೆ ಆರಿಹೋಗುವ ಗ್ಯಾಸ್ ಒಲೆಗೆ ಆಗಲೂ ಸಾಮಾನ್ಯವಾಗಿ ವಿನಾಯಿತಿ ಇರುತ್ತದೆ. ಗ್ರಿಲ್ಲಿನ ಪರವಾಗಿ ಭಾವನವರ ವಕಾಲತ್ತಿನಲ್ಲಿ ಗಟ್ಟಿಯಾದ ವಾದ ಇದೊಂದೇ, ನ್ಯಾಯವಾಗಿ ಒಪ್ಪಿಕೊಳ್ಳಬೇಕು.

ಉಳಿದ ವಾದಗಳೆಲ್ಲ ಉಪನ್ಯಾಸಗಳು. ಪೈಪು ಬಿಚ್ಚುತ್ತಲೇ ಶುರು. “ನೋಡಯ್ಯ, ಈ ಪ್ರೊಪೇನ್ ಅನ್ನೋದನ್ನ ಗುರುತಿಸಿದವನು ವಾಲ್ಟರ್ ಸ್ನೆಲಿಂಗ್ ಅಂತ, 1910ರ ಸುಮಾರಿಗೆ. ಪೆಟ್ರೋಲಿನಿಂದ ಏನೋ ಆವಿ ಹಾರಿಹೋಗ್ತಾ ಇದೆಯಲ್ಲ ಅಂತ ಬೆನ್ನು ಹತ್ತಿ ಹೋದ, ಇದು ಸಿಕ್ತು.” ಆ ಹೊತ್ತಿಗೆ ಮಕ್ಕಳು “ಹಸಿವು” ಎನ್ನುತ್ತಿರುತ್ತವೆ. ಭಾವ ಕುದಿಯುವ ಬಿಂದುವಿಗೆ ಬಂದಿರುತ್ತಾರೆ, ತಮ್ಮದಲ್ಲ, ಪ್ರೊಪೇನಿನದು. ಅದು ಸೊನ್ನೆಗಿಂತ 42 ಡಿಗ್ರಿ ಸೆಲ್ಸಿಯಸ್ ಕೆಳಗೆ. ನಮ್ಮೂರಿನ ಅಡುಗೆ ಸಿಲಿಂಡರಿನಲ್ಲಿ ಬ್ಯೂಟೇನೂ ಬೆರೆತಿರುತ್ತದೆ, ಅದು ಸೊನ್ನೆಯ ಆಸುಪಾಸಿನಲ್ಲೇ ಆವಿಯಾಗಲು ಮೈಗಳ್ಳತನ ಮಾಡುತ್ತದೆ. ಹಿಮ ಬೀಳುವ ದೇಶದಲ್ಲಿ ಅದು ನಡೆಯುವುದಿಲ್ಲ, ಹಾಗಾಗಿ ಅಮೆರಿಕದ ಸಿಲಿಂಡರಿನಲ್ಲಿ ಬಹುಪಾಲು ಪ್ರೊಪೇನೇ. ಮಾಹಿತಿಯೇನೋ ಸರಿಯೇ. ಆದರೆ ಜುಲೈ ತಿಂಗಳ ಕ್ಯಾಲಿಫೋರ್ನಿಯಾದಲ್ಲಿ, ಬೆವರು ಒರೆಸಿಕೊಳ್ಳುತ್ತಾ ಕೇಳಲು ಸ್ವಲ್ಪ ಕಷ್ಟ.

ಮೇರಿಲ್ಯಾಂಡಿನಲ್ಲಿರುವ ದೊಡ್ಡಪ್ಪನ ಮಗ ಫೋನ್ ಮಾಡಿದರೆ ಉಪನ್ಯಾಸಕ್ಕೆ ಎರಡನೆಯ ಅಧ್ಯಾಯ. ಬಾಲ್ಟಿಮೋರಿನ ನೀರಿನಡಿಯ ಸುರಂಗಗಳಲ್ಲಿ 10 ಪೌಂಡಿಗಿಂತ ದೊಡ್ಡ ಪ್ರೊಪೇನ್ ಸಿಲಿಂಡರ್ ಒಯ್ಯುವ ಹಾಗಿಲ್ಲ. ಟ್ರೇಲರಿನವರು ಫ್ರಾನ್ಸಿಸ್ ಸ್ಕಾಟ್ ಕೀ ಸೇತುವೆ ಹಿಡಿಯುತ್ತಿದ್ದರು. 2024ರ ಮಾರ್ಚಿನಲ್ಲಿ ಹಡಗು ಗುದ್ದಿ ಆ ಸೇತುವೆಯೇ ಬಿದ್ದುಹೋಯಿತು; ಈಗ ಊರು ಸುತ್ತಿ ಹೋಗಬೇಕು. ಭಾವನವರು ಆ ದಿಕ್ಕಿಗೆ ಟ್ರೇಲರು ಎಳೆದವರೇ ಅಲ್ಲ, ಎಳೆಯುವ ಅಂದಾಜೂ ಇಲ್ಲ. ಆದರೂ ಸುತ್ತುದಾರಿ ಅವರಿಗೆ ಬಾಯಿಪಾಠ.

ಇನ್ನು ಆ ಬದನೆಕಾಯಿಯ ಪ್ರಸಂಗ. ಅಕ್ಕನಿಗೆ ಸುಟ್ಟ ಬದನೆಕಾಯಿ ಗೊಜ್ಜು ಅಂದರೆ ಪ್ರಾಣ. ಭಾವ ಹೊಸದಾಗಿ ತಂದ ಪುಟ್ಟ ಗ್ರಿಲ್ಲನ್ನು ಮೇಜಿನ ಮೇಲಿಟ್ಟರು. ಟ್ರೇಲರಿನ ಹೊಟ್ಟೆಯ ಕೆಳಗೆ, ಬಾಗಿಲಿನ ಬದಿಗೆ, ಗ್ಯಾಸಿನ ಒಂದು ಕೊಂಡಿ ಇರುತ್ತದೆ. ಪೈಪಿನ ತುದಿಯನ್ನು ಒತ್ತಿದರೆ ಟಕ್ಕೆಂದು ಕೂರುತ್ತದೆ. ಹೊರಗಿನ ಒಲೆಗೆಂದೇ ಕಂಪನಿಯವರು ಕೊಟ್ಟದ್ದು. ಭಾವ ಒತ್ತಿದರು, ಟಕ್ಕೆಂದಿತು. ಆ ಟಕ್ ಸದ್ದು ಕೇಳಿದಾಗ ಅವರ ಮುಖದ ಮೇಲೆ ಬಂದ ಕಳೆ ನೋಡಬೇಕಿತ್ತು. ಮದುವೆಯ ಫೋಟೋಗಳಲ್ಲೂ ನಾನು ಅದನ್ನು ಕಂಡಿಲ್ಲ. ಒಲೆ ಹಚ್ಚಿದರು. ಜ್ವಾಲೆ ಬಂತು. ನೀಲಿಯಾಗಿಯೇ ಬಂತು, ಆದರೆ ಬರ್ನರಿನ ತೂತುಗಳಿಂದ ಮೇಲೇಳಲು ಮನಸ್ಸಿಲ್ಲದೆ ಅಲ್ಲಲ್ಲೇ ತಡಕಾಡಿತು. ಬದನೆಕಾಯಿ ಇಟ್ಟು, ಮುಚ್ಚಳ ಹಾಕಿ, ಅರ್ಧ ಗಂಟೆ ಬಿಟ್ಟು ತೆಗೆದು ನೋಡಿದರೆ ಅದಕ್ಕೆ ಸಣ್ಣ ಜ್ವರ ಬಂದಿತ್ತು, ಅಷ್ಟೆ.

ಭಾವ ಮೊದಲು ಎತ್ತರವನ್ನು ಬೈದರು. ಕಣಿವೆ 4,000 ಅಡಿ ಎತ್ತರದಲ್ಲಿದೆಯಲ್ಲ, ಗಾಳಿ ತೆಳು. ಆಮೇಲೆ ಬೀಸುವ ಗಾಳಿಯನ್ನು ಬೈದರು. ಆಮೇಲೆ ಬದನೆಕಾಯಿಯದೇ ತಪ್ಪೆಂದು ತೀರ್ಮಾನವಾಯಿತು: ಅಮೆರಿಕದ ಬದನೆಕಾಯಿ ದಪ್ಪ. ಅಷ್ಟರಲ್ಲಿ ಅಕ್ಕ ಕುರ್ಚಿಯಿಂದಲೇ ಕೇಳಿದಳು:

“ರೀ, ಸಿಲಿಂಡರ್ ಹತ್ರ ಒಂದು ರೆಗ್ಯುಲೇಟರ್ ಇದೆ ಅಲ್ವಾ? ಒಲೆ ಬುಡದಲ್ಲಿ ಮತ್ತೊಂದು ಯಾಕಿದೆ?”

ಭಾವ ಆ ಪ್ರಶ್ನೆ ಕೇಳಿಸಲಿಲ್ಲವೆಂಬಂತೆ ಸ್ವಲ್ಪ ಹೊತ್ತು ಆಕಾಶ ನೋಡಿದರು. ರೋಗ ಇದ್ದದ್ದು ಅಲ್ಲೇ.

ಟ್ರೇಲರಿನ ಮೂತಿಯ ಮೇಲೆ, ಗಾಡಿಗೆ ಸಿಕ್ಕಿಸುವ ಕಬ್ಬಿಣದ ತ್ರಿಕೋನದಲ್ಲಿ, ಸಾಮಾನ್ಯವಾಗಿ ಎರಡು ಸಿಲಿಂಡರುಗಳು ಕೂತಿರುತ್ತವೆ. ಒಳಗಿನ ಒತ್ತಡ ಹದವಾದ ಬಿಸಿಲಿಗೇ ಚದರ ಇಂಚಿಗೆ 100 ಪೌಂಡ್ ದಾಟುತ್ತದೆ. ಅದನ್ನು ಹಾಗೇ ಒಲೆಗೆ ಬಿಟ್ಟರೆ ಹುಬ್ಬು ಉಳಿಯುವುದಿಲ್ಲ. ಸಿಲಿಂಡರಿನ ಪಕ್ಕದ ರೆಗ್ಯುಲೇಟರು ಅದನ್ನು ಚದರ ಇಂಚಿಗೆ ಅರ್ಧ ಪೌಂಡಿಗಿಂತಲೂ ಕಡಿಮೆಗೆ ಇಳಿಸುತ್ತದೆ. ಅಮೆರಿಕದವರು ಇದನ್ನು ನೀರಿನ ಇಂಚಿನಲ್ಲಿ ಅಳೆಯುತ್ತಾರೆ: ಕೊಳವೆಯಲ್ಲಿ ನೀರನ್ನು 11 ಇಂಚು ಮೇಲಕ್ಕೆ ತಳ್ಳುವಷ್ಟು ಒತ್ತಡ. ಅಂದರೆ 28 ಸೆಂಟಿಮೀಟರ್. ನಮ್ಮೂರ ಅಡುಗೆಮನೆಯ ರೆಗ್ಯುಲೇಟರು ಬಿಡುವುದು ಸುಮಾರು 30 ಸೆಂಟಿಮೀಟರ್. ದೇಶ ಬೇರೆ, ಸಿಲಿಂಡರು ಬೇರೆ, ಒಲೆಯ ಹಸಿವು ಮಾತ್ರ ಹೆಚ್ಚುಕಮ್ಮಿ ಒಂದೇ. ಟ್ರೇಲರಿನೊಳಗಿನ ಒಲೆ, ಫ್ರಿಜ್, ಹೀಟರು, ಬದಿಯ ಕೊಂಡಿ ಎಲ್ಲಕ್ಕೂ ಸಿಗುವುದು ಈ ಪಳಗಿಸಿದ ಗ್ಯಾಸೇ.

ಪುಟ್ಟ ಗ್ರಿಲ್ಲಿನ ಸಂಗತಿ ಬೇರೆ. ಒಂದು ಪೌಂಡಿನ ಹಸಿರು ಬಾಟಲಿಯನ್ನು ನೇರ ಮೂತಿಗೇ ತಿರುಗಿಸಿ ಹಚ್ಚಲೆಂದು ಅದನ್ನು ಮಾಡಿರುತ್ತಾರೆ. ಬಾಟಲಿಯಿಂದ ಬರುವುದು ಕಾಡು ಒತ್ತಡ. ಅದನ್ನು ಇಳಿಸುವುದಕ್ಕೆ ಗ್ರಿಲ್ಲಿನ ಬುಡದಲ್ಲೇ ತನ್ನದೊಂದು ರೆಗ್ಯುಲೇಟರು. ಈಗ ಎರಡನ್ನೂ ಒಂದರ ಹಿಂದೆ ಒಂದು ಜೋಡಿಸಿದರೆ? ಅಪ್ಪ ಕೊಟ್ಟ ನೂರು ರೂಪಾಯಿ ಜಾತ್ರೆ ದುಡ್ಡು ಅಮ್ಮನ ಕೈ ದಾಟುವಾಗ ಹತ್ತಾಗಿ, ಅಜ್ಜಿ ಅದರಲ್ಲೂ “ಮಗುವಿಗೆ ಅಷ್ಟೆಲ್ಲ ಯಾಕೆ” ಎಂದು ಹಿಡಿದುಕೊಂಡ ಹಾಗೆ. ಬದನೆಕಾಯಿಯ ಪಾಲಿಗೆ ಬಂದದ್ದು ನಾಲ್ಕಾಣೆ.

ಪರಿಹಾರ ಎರಡು ಬಗೆ. ಬದಿಯ ಕೊಂಡಿಗೇ ಹಚ್ಚಬೇಕಾದರೆ ರೆಗ್ಯುಲೇಟರ್ ಇಲ್ಲದ, ಕಡಿಮೆ ಒತ್ತಡಕ್ಕೆಂದೇ ಮಾಡಿದ ಗ್ರಿಲ್ ತರಬೇಕು. ಕೆಲವು ಗ್ರಿಲ್ಲುಗಳಿಗೆ ಕಂಪನಿಯವರೇ ಬದಲಿ ಸಾಮಾನು ಕೊಡುತ್ತಾರೆ. ಇಲ್ಲವಾದರೆ ಗ್ರಿಲ್ಲಿನ ರೆಗ್ಯುಲೇಟರು ಇದ್ದಹಾಗೇ ಇರಲಿ, ಟ್ರೇಲರಿನ ರೆಗ್ಯುಲೇಟರಿಗೆ ಹೋಗುವ ಮುಂಚೆಯೇ, ಸಿಲಿಂಡರಿನ ಬಾಯಲ್ಲಿ ಒಂದು ಕವಲು ಹಾಕಿ, ಹೆಚ್ಚು ಒತ್ತಡ ತಾಳುವ ಪೈಪಿನಲ್ಲಿ ಗ್ಯಾಸು ತರಬೇಕು. ಇವೆರಡನ್ನು ಅದಲುಬದಲು ಮಾಡಿಕೊಂಡು, ರೆಗ್ಯುಲೇಟರ್ ಇಲ್ಲದ ಒಲೆಯನ್ನು ಸಿಲಿಂಡರಿಗೆ ನೇರ ಜೋಡಿಸಿದಿರೋ, ಗೊಜ್ಜು ಹೋಗಲಿ, ಮೀಸೆಯೂ ಸುಟ್ಟೀತು. ತಮಾಷೆಯ ಮಾತಲ್ಲ ಇದು.

ಭಾವನವರಿಗೆ ಎರಡೂ ಬೇಕಾಯಿತು. ಕವಲು ತಂದರು, ಎರಡು ನಮೂನೆಯ ಪೈಪು ತಂದರು, ಹಿತ್ತಾಳೆಯ ತುಂಡುಗಳು ತುಂಬಿದ ಒಂದು ಡಬ್ಬಿ ತಂದರು. ಆ ಡಬ್ಬಿಯನ್ನು ಅಲುಗಿಸಿದರೆ ಬರುವ ಸದ್ದು ಅವರಿಗೆ ಸಂಗೀತ. ಅಕ್ಕ ಸೂಚಿಸಿದ್ದು ಮೂರನೆಯ ದಾರಿ. ಮತ್ತೆ ಮತ್ತೆ ತುಂಬಿಸಬಹುದಾದ 5 ಪೌಂಡಿನ ಸಣ್ಣ ಸಿಲಿಂಡರೊಂದನ್ನು ಬೇರೆಯಾಗಿ ಇಟ್ಟುಕೊಂಡರಾಯಿತು, ಅದು ಹಿಡಿಯುವುದು ಎರಡೂಕಾಲು ಕಿಲೋ ಗ್ಯಾಸು. ಗ್ರಿಲ್ಲಿನ ರೆಗ್ಯುಲೇಟರನ್ನು ಮುಟ್ಟುವುದೇ ಬೇಡ, ಟ್ರೇಲರಿನ ತಂಟೆಯೂ ಬೇಡ, ನೆರಳಿದ್ದ ಕಡೆ ಎತ್ತಿಕೊಂಡು ಹೋಗಬಹುದು. ಕೇಳಿದರೆ ನಾನೂ ಇದನ್ನೇ ಹೇಳುತ್ತೇನೆ. ಆದರೆ ಅದರಲ್ಲಿ ಜೋಡಿಸುವುದಕ್ಕೆ ಏನಿದೆ? ಒಂದೇ ತಿರುಪು. ಅದೇ ಅದರ ದೋಷ. ಭಾವನವರ ಮೋಹ ಇರುವುದು ಅಡುಗೆಯ ಮೇಲಲ್ಲ ಸ್ವಾಮಿ, ಜೋಡಣೆಯ ಮೇಲೆ. ಅಡುಗೆ ಎಂಬುದು ಜೋಡಣೆ ಸರಿಯಾಯಿತೋ ಇಲ್ಲವೋ ಎಂದು ನೋಡುವ ಪರೀಕ್ಷೆ.

ಹಾಗಾದರೆ ಹಸಿರು ಬಾಟಲಿಯನ್ನೇ ಬಳಸಬಾರದೇ ಅನ್ನುತ್ತೀರಿ. ಪೂರ್ತಿ ಉರಿಯಲ್ಲಿಟ್ಟರೆ ಒಂದು ಪೌಂಡು ಸುಮಾರು ಎರಡು ಗಂಟೆಗೆ ಮುಗಿದುಹೋಗುತ್ತದೆ, ಅದೂ ಹೋಳಿಗೆ ಬೇಯಿಸುವ ಮಧ್ಯದಲ್ಲಿ. ಮುಗಿದ ಬಾಟಲಿಯನ್ನು ತುಂಬಿಸುವ ಹಾಗಿಲ್ಲ, ಸಿಕ್ಕಲ್ಲಿ ಎಸೆಯುವ ಹಾಗೂ ಇಲ್ಲ. ಕ್ಯಾಂಪ್‌ಗ್ರೌಂಡುಗಳಲ್ಲಿ ಇವು ರಾಶಿ ಬೀಳುವುದನ್ನು ನೋಡಿ ನೋಡಿ ಕ್ಯಾಲಿಫೋರ್ನಿಯಾ ಸರ್ಕಾರ 2022ರಲ್ಲಿ ಕಾನೂನು ಮಾಡಿತು: 2028ರ ಜನವರಿ 1ರಿಂದ ಒಮ್ಮೆ ಬಳಸಿ ಬಿಸಾಡುವ ಈ ಬಾಟಲಿಗಳ ಮಾರಾಟ ಬಂದ್. ಅಕ್ಕನ ಗ್ಯಾರೇಜಿನಲ್ಲಿ ಮಾತ್ರ ಇವು ಅಮರ. ಅರ್ಧ ಇರಬಹುದು, ಕಾಲು ಇರಬಹುದು ಎಂದು ಭಾವ ಕಿವಿಯ ಹತ್ತಿರ ಅಲ್ಲಾಡಿಸಿ ಮತ್ತೆ ಅಲ್ಲೇ ಇಡುತ್ತಾರೆ.

ದೊಡ್ಡ ಸಿಲಿಂಡರಿನಲ್ಲಿ ಎಷ್ಟು ಉಳಿದಿದೆ ಎಂಬುದಂತೂ ಎರಡು ಪಂಥಗಳ ಜಗಳ. 20 ಪೌಂಡಿನದು ಎಂದು ಹೆಸರು. ಅಂಗಡಿ ಮುಂದಿನ ಕಬ್ಬಿಣದ ಪಂಜರದಲ್ಲಿ ಖಾಲಿ ಕೊಟ್ಟು ತುಂಬಿದ್ದು ತಂದರೆ ಬಹಳ ಸಲ 15 ಪೌಂಡೇ ಇರುತ್ತದೆ. ಪೂರ್ತಿ ತುಂಬಿಸಿದರೂ ಜಾಗದ ಶೇ. 80ರಷ್ಟೇ, ಬಿಸಿಲಿಗೆ ಹಿಗ್ಗಲು ಮಿಕ್ಕದ್ದು ಖಾಲಿ ಬಿಡಬೇಕು, ಒಳಗೊಂದು ತೇಲುವ ಗುಂಡು ಅದಕ್ಕೆ ಕಾವಲು. ಭಾವ ಸಿಲಿಂಡರಿನ ತಳಕ್ಕೆ ಅಂಟಿಸುವ ಒಂದು ಯಂತ್ರ ಕೊಂಡಿದ್ದಾರೆ, ಅದು ಫೋನಿಗೆ ಸಂದೇಶ ಕಳಿಸುತ್ತದೆ. ಫೋನಿಗೆ ಸಿಗ್ನಲ್ ಸಿಗುವವರೆಗೂ ಯೊಸೆಮಿಟಿಯ ಮೂಲೆಯಲ್ಲಿ ನಿಂತು ಮೊಬೈಲನ್ನು ಆಕಾಶಕ್ಕೆ ಹಿಡಿಯುತ್ತಾರೆ. ಅಕ್ಕ ಒಂದು ಒದ್ದೆ ಬಟ್ಟೆಯಿಂದ ಸಿಲಿಂಡರಿನ ಮೈ ಒರೆಸಿ, ನಿಮಿಷ ಬಿಟ್ಟು ನೋಡುತ್ತಾಳೆ. ದ್ರವ ಇರುವ ಮಟ್ಟದವರೆಗೆ ತೇವ ನಿಧಾನಕ್ಕೆ ಆರುತ್ತದೆ, ಮೇಲಿನದು ಬೇಗ ಆರುತ್ತದೆ. “ಇಷ್ಟಿದೆ” ಎಂದು ಬೆರಳಿಟ್ಟು ತೋರಿಸುತ್ತಾಳೆ. ಮೈಸೂರಿನಲ್ಲಿ ನಮ್ಮಮ್ಮ ಮಾಡುತ್ತಿದ್ದುದೇ. ಯಂತ್ರದ ಲೆಕ್ಕ ಬಂದಾಗ ಭಾವ ಅದನ್ನು ಆ ಬೆರಳಿಗೆ ಹೋಲಿಸಿ ನೋಡುತ್ತಾರೆ, ಯಂತ್ರ ಸರಿಯಿದೆಯೋ ಇಲ್ಲವೋ ಎಂದು.

ಸೋಪು ನೀರಿನ ಶಾಸ್ತ್ರದಲ್ಲಿ ಮಾತ್ರ ಭಾವನವರನ್ನು ಮೆಚ್ಚಲೇಬೇಕು. ಪಾತ್ರೆ ತೊಳೆಯುವ ಸೋಪನ್ನು ನೀರಿಗೆ ಕಲಸಿ, ಸಣ್ಣ ಕುಂಚದಲ್ಲಿ ಪ್ರತಿ ಕೊಂಡಿಗೂ ಬಳಿಯುತ್ತಾರೆ. ಗುಳ್ಳೆ ಎದ್ದರೆ ಸೋರುತ್ತಿದೆ ಎಂದರ್ಥ; ಮುಚ್ಚಿ, ಬಿಗಿ ಮಾಡಿ, ಮತ್ತೆ ಬಳಿಯಬೇಕು. ಒಂದು ಸಲ ನೋಡಿದೆ, ಹಿತ್ತಾಳೆ ತಿರುಪಿನ ಅಂಚಿನಲ್ಲಿ ಸಾಸಿವೆಕಾಳಿನಷ್ಟು ಗುಳ್ಳೆಯೊಂದು ಹುಟ್ಟಿ, ಉಬ್ಬಿ, ಒಡೆದು, ಅದೇ ಜಾಗದಲ್ಲಿ ಇನ್ನೊಂದು ಹುಟ್ಟಿತು. ಭಾವ ಕನ್ನಡಕ ಹಣೆಗೇರಿಸಿ, ಮೂಗು ತಾಗುವಷ್ಟು ಬಗ್ಗಿ ನೋಡಿ, ಏನೂ ಮಾತಾಡದೆ ಸಿಲಿಂಡರ್ ಮುಚ್ಚಿ ವಾಷರ್ ಬದಲಿಸಿದರು. ಪ್ರೊಪೇನ್ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹಾರಿಹೋಗದೆ ನೆಲ ಹಿಡಿದು ತೆವಳುತ್ತದೆ. ಟ್ರೇಲರಿನೊಳಗಿನ ಗ್ಯಾಸ್ ಅಲಾರಮ್ಮನ್ನು ಕಾಲಿನ ಮಟ್ಟದಲ್ಲಿ ಕೂರಿಸುವುದು ಅದಕ್ಕೇ. ಗ್ರಿಲ್ಲನ್ನು ಕಿಟಕಿ, ಬಾಗಿಲು, ಬಟ್ಟೆಯ ಚಪ್ಪರ ಎಲ್ಲದರಿಂದ ದೂರ ಇಡಬೇಕು. ಮಳೆ ಬಂತೆಂದು ಒಳಗೆ ಎಳೆದುಕೊಂಡರೆ ಕಾರ್ಬನ್ ಮಾನಾಕ್ಸೈಡು ಸದ್ದಿಲ್ಲದೆ ಕೊಲ್ಲುತ್ತದೆ.

ಸಿಲಿಂಡರಿನ ತಿರುಪನ್ನು ನಿಧಾನವಾಗಿ ತೆರೆಯಬೇಕು ಎಂಬುದನ್ನು ಭಾವ ಎಲ್ಲರಿಗೂ ಬೋಧಿಸುತ್ತಾರೆ, ಹಸಿವಾದಾಗ ತಾವೇ ಮರೆಯುತ್ತಾರೆ. ಬರ್ರನೆ ತಿರುಗಿಸಿದರೆ ಗ್ಯಾಸು ಒಮ್ಮೆಲೇ ನುಗ್ಗಿ, ಕೊಂಡಿಯೊಳಗಿನ ಸುರಕ್ಷೆಯ ಬಿರಡೆ ‘ಎಲ್ಲೋ ಪೈಪು ಕಿತ್ತುಹೋಗಿದೆ’ ಎಂದುಕೊಂಡು ದಾರಿ ಅಡ್ಡಗಟ್ಟುತ್ತದೆ. ಗ್ಯಾಸು ಹನಿಹನಿಯಾಗಿ ಬರುತ್ತದೆ. ಎಲ್ಲವನ್ನೂ ಮುಚ್ಚಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ಮೊದಲು ಸಿಲಿಂಡರನ್ನು ಮೆಲ್ಲಗೆ ತೆರೆದು, ಆಮೇಲೆ ಒಲೆ ಹಚ್ಚಿದರೆ ಸರಿಹೋಗುತ್ತದೆ. ಆ ‘ಸ್ವಲ್ಪ ಹೊತ್ತು ಸುಮ್ಮನಿರುವುದು’ ಇದೆಯಲ್ಲ, ಇಡೀ ಕಾರ್ಯಕ್ರಮದಲ್ಲಿ ಗಂಡಸರಿಗೆ ಅತಿ ಕಷ್ಟದ ಘಟ್ಟ.

ಕಡೆಗೂ ಬೆಂಕಿ ಹತ್ತಿತು ಅನ್ನಿ. ಗ್ರಿಲ್ಲಿನ ಮೇಲೆ ಈಗ ಗಡಿ ವಿವಾದ. ಭಾವನ ತಾಯಿ ಊರಿಂದ ಬಂದಿರುತ್ತಾರೆ, ಮೊಮ್ಮಗನಿಗೆ ಚಿಕನ್ ಸಾಸೇಜ್ ಬೇಕು. ಅಲ್ಯೂಮಿನಿಯಂ ಹಾಳೆ ಹಾಸಿ ಎಡಗಡೆ ಸಸ್ಯಾಹಾರ, ಬಲಗಡೆ ಮಿಕ್ಕದ್ದು ಎಂದು ಒಪ್ಪಂದ. ಇಕ್ಕಳ ಎರಡು. ಅಜ್ಜಿ ಕುರ್ಚಿ ಎಳೆದುಕೊಂಡು ಗಡಿಯ ಪಕ್ಕದಲ್ಲೇ ಕೂತು ಕಾಯುತ್ತಾರೆ, ಸಾಸೇಜಿನ ಜಿಡ್ಡು ಗಡಿ ದಾಟುವ ಸೂಚನೆ ಕಂಡರೆ “ಏಯ್, ಏಯ್!” ಮುಸುಕಿನ ಜೋಳಕ್ಕೆ ನಿಂಬೆಹಣ್ಣು, ಖಾರದಪುಡಿ, ಉಪ್ಪು ತಿಕ್ಕಿ ಕೊಟ್ಟರೆ ಅಜ್ಜಿ ಬಸವನಗುಡಿಯಲ್ಲೇ ಇದ್ದಂತೆ ಕಣ್ಣು ಮುಚ್ಚುತ್ತಾರೆ. ಹಪ್ಪಳವನ್ನು ನೇರ ಉರಿಯ ಮೇಲೆ ಹಿಡಿದು ತಿರುವಿದರೆ ಪಕ್ಕದ ಟ್ರೇಲರಿನ ಅಮೆರಿಕನ್ನರು ಬಿಯರ್ ಹಿಡಿದುಕೊಂಡು ಎದ್ದು ಬರುತ್ತಾರೆ. ಅವರು ಒಂದು ಹಪ್ಪಳ ತಿಂದು, ಮರುಮಾತಿಗೆ ಪೈಪಿನ ಕೊಂಡಿ ಯಾವ ಸೈಜಿನದು ಎಂದು ಕೇಳುತ್ತಾರೆ. ಭಾವನಿಗೆ ಜನ್ಮದ ಗೆಳೆಯ ಸಿಕ್ಕಿದ. ಹಿತ್ತಾಳೆ ಡಬ್ಬಿ ಹೊರಗೆ ಬಂತು. ಇಬ್ಬರೂ ಟ್ರೇಲರಿನ ಕೆಳಗೆ ತೂರಿ ಮಾಯ. ಒಲೆಯ ಮುಂದೆ ಇಕ್ಕಳ ಹಿಡಿದು ನಿಂತವಳು, ರೆಸ್ಟಿನಲ್ಲಿದ್ದ ಅಕ್ಕ.

ಊಟವಾದ ಮೇಲೆ ಗ್ರಿಲ್ ತಿಕ್ಕುವ ಪ್ರಶ್ನೆ. ಮನೆಯಂಗಳವಾಗಿದ್ದರೆ ನಾಳೆ ನೋಡೋಣ ಎನ್ನಬಹುದಿತ್ತು. ಯೊಸೆಮಿಟಿಯಲ್ಲಿ ಕರಡಿಗಳಿವೆ, ಅವುಗಳ ಮೂಗು ಬಲು ಚುರುಕು. ತಿನ್ನುವ ಪದಾರ್ಥ, ವಾಸನೆ ಬರುವ ಪದಾರ್ಥ ಯಾವುದನ್ನೂ ಹೊರಗೆ ಬಿಡಬಾರದು; ಕಬ್ಬಿಣದ ಪೆಟ್ಟಿಗೆಯಲ್ಲಿಡಬೇಕು, ಇಲ್ಲವೇ ಗಟ್ಟಿ ಗೋಡೆಯ ಟ್ರೇಲರಿನೊಳಗೆ ಕಿಟಕಿ ಮುಚ್ಚಿ ಇಡಬೇಕು. ಕಾರಿನಲ್ಲಿಟ್ಟರೆ ಬಾಗಿಲು ಕಿತ್ತು ನೋಡುತ್ತವೆ. ಜಿಡ್ಡಿನ ಗ್ರಿಲ್ಲನ್ನು ಮೇಜಿನ ಮೇಲೆ ಬಿಡುವುದೆಂದರೆ ಕರಡಿಗೆ ಎಲೆ ಹಾಕಿ ಕರೆದಂತೆಯೇ.

“ತಿಕ್ಕೋದೇನೂ ಬೇಡ ಕಣೇ,” ಎಂದರು ಭಾವ, ಟ್ರೇಲರಿನ ಕೆಳಗಿನಿಂದ ತಲೆ ಹೊರಹಾಕಿ. “ಮುಚ್ಚಳ ಹಾಕಿ ಹದಿನೈದು ನಿಮಿಷ ಪೂರ್ತಿ ಉರಿಯಲ್ಲಿಟ್ರೆ ಜಿಡ್ಡೆಲ್ಲ ತಾನೇ ಸುಟ್ಟು ಹೋಗುತ್ತೆ. ಆಮೇಲೆ ಬ್ರಷ್‌ನಲ್ಲಿ ಎರಡು ಸಲ ಎಳೆದ್ರೆ ಮುಗೀತು.”

“ಹೌದಾ?” ಎಂದಳು ಅಕ್ಕ. “ಹಾಗಾದ್ರೆ ಮನೇಲಿ ಸಿಂಕಲ್ಲಿರೋ ಪಾತ್ರೇನೂ ಇನ್ಮೇಲೆ ಹಾಗೇ ಸುಡೋಣ. ಬ್ರಷ್ ನಿಮ್ಮ ಕೈಗೇ ಕೊಡ್ತೀನಿ.”

ಭಾವ ಮತ್ತೆ ಟ್ರೇಲರಿನ ಕೆಳಗೆ ಹೋದರು. ಅಲ್ಲಿ ಏನೋ ಇನ್ನೊಂದು ಕೊಂಡಿ ಸಡಿಲಾಗಿತ್ತಂತೆ.